ಕಾರ್ಬೊರೇಟರಿಗೆ ಕಿವಿ ಕೊಟ್ಟದ್ದು

ನಮ್ಮ ಮನೆಯವರ ಕಿವಿ ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲು ಫೋನಿನ ಗಂಟೆ ಹೋಯಿತು. ಆಮೇಲೆ ಹೆಂಗಸರ ಮಾತು ಹೋಯಿತು. ಗಂಡಸರ ಮಾತು ಇನ್ನೂ ಸ್ವಲ್ಪ ಕಾಲ ಕೇಳುತ್ತಿತ್ತು. ಹಾಗಾಗಿ ನನ್ನ ಮಾತು ಬೇಕೆಂದೇ ಕೇಳದ ಹಾಗೆ ಮಾಡುತ್ತಾರೆ ಅಂದುಕೊಂಡು ಬೈದೆ. ಕೊನೆಗೆ ಮಳೆಯೂ ಹೋಯಿತು. ತಗಡಿನ ಶೆಡ್ಡಿನ ಕೆಳಗೆ ಕೂತಿದ್ದೆವು. ಮೇಲೆ ಜಲ್ಲಿ ಸುರಿದ ಹಾಗೆ ಮಳೆ ಸುರಿಯುತ್ತಿತ್ತು. ಇವರು ತಲೆ ಎತ್ತದೆ, "ಮಳೆ ನಿಂತ್ತಾ?" ಎಂದು ಕೇಳಿದರು. ಅವತ್ತು ನನಗೆ ಗೊತ್ತಾಯಿತು. ನನ್ನ ಮುಖ ನೋಡಿ ಅವರಿಗೂ ಗೊತ್ತಾಯಿತು.

ಗದ್ದೆ ಕೆಲಸದವನಿಗೆ ಕಿವಿ ಹೋದರೆ ಕಷ್ಟ, ಆದರೂ ಬದುಕಬಹುದು. ಇವರು ಮೆಕ್ಯಾನಿಕ್. ಕೊಡಗಿನ ಬಿಟ್ಟಂಗಾಲದಲ್ಲಿ ರಸ್ತೆ ಬದಿಗೆ ನಮ್ಮ ಶೆಡ್ಡು. ಅರಕಲಗೂಡಿನ ಕಡೆಯಿಂದ ಕಾಫಿ ತೋಟದ ಕೆಲಸಕ್ಕೆಂದು ಬಂದವರು ನಾವು. ಇವರಿಗೆ ಮಣ್ಣಿಗಿಂತ ಪಂಪ್‌ಸೆಟ್ಟಿನ ಮೇಲೆ ಮನಸ್ಸು ಹೆಚ್ಚಿತ್ತು. ಕೆಟ್ಟ ಪಂಪು, ಔಷಧಿ ಹೊಡೆಯುವ ಮೆಷಿನ್ನು, ಆಮೇಲೆ ಸ್ಕೂಟರು, ಬೈಕು. ಎಂಜಿನ್ ಬಿಚ್ಚುವ ಮೊದಲು ಇವರು ಅದನ್ನು ಓಡಿಸಿ, ತಲೆ ಓರೆ ಮಾಡಿ, ಬೀಡಿ ಹೊತ್ತಿಸದೆ ಬಾಯಲ್ಲಿಟ್ಟುಕೊಂಡು ಕೇಳುತ್ತಿದ್ದರು. ಕೇಳಿ ಮುಗಿದ ಮೇಲೆ ಸ್ಪ್ಯಾನರ್ ಹಿಡಿಯುವುದು. ಕೇಳದೆ ಹಿಡಿದದ್ದು ನಾನು ನೋಡಿಲ್ಲ.

ಅದರಲ್ಲೂ ಕಾರ್ಬೊರೇಟರ್ ಕೆಲಸವೆಂದರೆ ಪೂರ್ತಿ ಕಿವಿಯದ್ದೇ. ಕಾರ್ಬೊರೇಟರ್ ಅಂದರೆ ಮತ್ತೇನಲ್ಲ, ಪೆಟ್ರೋಲಿಗೆ ಗಾಳಿ ಕಲಸುವ ಡಬ್ಬಿ. ಹಿಟ್ಟಿಗೆ ನೀರು ಕಲಸಿದ ಹಾಗೆ. ನೀರು ಹೆಚ್ಚಾದರೆ ಅಂಬಲಿ, ಕಡಿಮೆಯಾದರೆ ಹುಡಿ. ಹದ ಬಂದಿದೆಯೋ ಇಲ್ಲವೋ ಎಂಜಿನ್ನೇ ಕೂಗಿ ಹೇಳುತ್ತದೆ. ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸುತ್ತಾ ಕೇಳಬೇಕು. ಈಗ ಬರುವ ಹೊಸ ಬೈಕುಗಳಲ್ಲಿ ಆ ಡಬ್ಬಿಯೇ ಇಲ್ಲ. ಕಂಪ್ಯೂಟರ್ ಹಚ್ಚಿ ನೋಡುತ್ತಾರಂತೆ. ಹಾಗಾಗಿ ಇವರಿಗೆ ಉಳಿದದ್ದು ಹಳೇ ಗಾಡಿಗಳು, ತೋಟದ ಮೆಷಿನ್ನುಗಳು. ಅವಕ್ಕೆ ಬೇಕಾದದ್ದು ಕಿವಿ. ಅದೇ ಹೋಯಿತು.

ಮಡಿಕೇರಿಗೆ ಹೋಗಿ ಕಿವಿಗೆ ಹಾಕುವ ಮೆಷಿನ್ನನ್ನೂ ತಂದೆವು. ಮನೆಯಲ್ಲಿ ಪರವಾಗಿಲ್ಲ ಅನ್ನಿಸಿತು. ಶೆಡ್ಡಿಗೆ ಹೋಗಿ ಒಂದು ಎಂಜಿನ್ ಸ್ಟಾರ್ಟ್ ಮಾಡಿದ್ದೇ ತಡ, ಕಿವಿಯಿಂದ ಅದನ್ನು ಕಿತ್ತು, ಕಂಬಳಿಹುಳ ಬಿದ್ದವರ ಹಾಗೆ ಕುತ್ತಿಗೆ ಒರೆಸಿಕೊಂಡರು.

"ಎಲ್ಲಾ ಒಂದೇ ಕೂಗು. ಸಂತೆಗೆ ಬಿಟ್ಟಂಗಾಯ್ತು," ಎಂದರು. ಕಾರ್ಬೊರೇಟರಿನ ಸಣ್ಣ ಹಿತ್ತಾಳೆ ಜೆಟ್ಟುಗಳನ್ನು ಹಾಕಿಡುವ ಡಬ್ಬಿಯೊಳಗೆ ಅದನ್ನು ಹಾಕಿದರು. ಈಗಲೂ ಅಲ್ಲೇ ಇದೆ.

ಆಮೇಲೆ ಇವರಿಗೆ ಕಿವಿಯಾದವಳು ನಾನು. ನಾನೇನು ಕಲಿತವಳಲ್ಲ. ಬಸ್ಸಿನ ಬೋರ್ಡು ಓದುತ್ತೇನೆ, ನಿಧಾನಕ್ಕೆ ನಾಲ್ಕು ಸಾಲು ಬರೆಯುತ್ತೇನೆ. ಇವರಿಗೆ ಅದೂ ಬಾರದು. ಬರೆದು ತೋರಿಸುವ ಹಾಗಿಲ್ಲ, ಕೂಗಿದರೆ ಕೇಳುವುದಿಲ್ಲ. ಆದ್ದರಿಂದ ಕೈಸನ್ನೆ. ಎಂಜಿನ್ ಸದ್ದಿಗೆ ಕೈಸನ್ನೆ ಎಲ್ಲಿಂದ ತರಲಿ? ಅಡಿಗೆಮನೆಯಿಂದ ತಂದೆ. ಪೆಟ್ರೋಲ್ ಹೆಚ್ಚಾಗಿ ಬುಳುಬುಳು ಅಂದರೆ ಅಂಬಲಿ ಕುದಿದ ಹಾಗೆ. ಅದಕ್ಕೆ ಹಿಟ್ಟಿನ ಕೋಲು ತಿರುಗಿಸುವ ಸನ್ನೆ. ಪೆಟ್ರೋಲ್ ಸಾಲದೆ ಚಟ್ ಚಟ್ ಅಂದರೆ ಒಣ ಬಾಣಲೆಯಲ್ಲಿ ಸಾಸಿವೆ. ಅದಕ್ಕೆ ಐದು ಬೆರಳೂ ಕೂಡಿಸಿ ಸಿಡಿಸುವುದು. ಹದವಾಗಿ ಓಡಿದರೆ ಮುದ್ದೆಗಿಟ್ಟ ಎಸರು ಮರಳುವ ಸದ್ದು. ಅದಕ್ಕೆ ಅಂಗೈ ಮಟ್ಟಸ ಹಿಡಿದು ಸುಮ್ಮನಿರುವುದು. ಮೂರೇ ಸನ್ನೆ. ಇವರು ಸ್ಕ್ರೂ ತಿರುಗಿಸುತ್ತಾ ಕತ್ತು ಎತ್ತಿ, "ಏನಂತದೆ?" ಎನ್ನುವರು. ನಾನು ಸೌಟು ಬಿಟ್ಟು ಬಂದು ಶೆಡ್ಡಿನ ಬಾಗಿಲಲ್ಲಿ ನಿಂತು ತೋರಿಸುವೆ.

ಎದುರುಗಡೆ ಚಾ ಅಂಗಡಿಯವನು ನಗುತ್ತಿದ್ದ. "ಅಜ್ಜಿ ಶೆಡ್ಡಿನಲ್ಲಿ ಭರತನಾಟ್ಯ ಶುರು ಮಾಡಿದ್ರು," ಎನ್ನುತ್ತಿದ್ದ.

"ನಿನ್ನ ಚಾಗೆ ಯಾವ ಸನ್ನೆ ಅಂತ ಇನ್ನೂ ಹುಡುಕ್ತಾ ಇದೀನಿ ಕಣಪ್ಪ. ಉಗಿಯೋದು ಬಿಟ್ರೆ ಬೇರೆ ತೋಚ್ತಿಲ್ಲ," ಎಂದೆ.

ನಗುವವರು ನಗಲಿ. ಆದರೆ ಗಿರಾಕಿಗಳು ನಗಲಿಲ್ಲ, ಬರುವುದನ್ನೇ ಬಿಟ್ಟರು. ಕಿವುಡ ಮೆಕ್ಯಾನಿಕ್ಕಿಗೆ ಬೈಕು ಕೊಡಲು ಯಾರಿಗೆ ಧೈರ್ಯ? ಬಾಯಿಬಿಟ್ಟು ಯಾರೂ ಅನ್ನಲಿಲ್ಲ. ವಿರಾಜಪೇಟೆಗೆ ಹೋಗುವ ಕೆಲಸವಿತ್ತು, ಹಾಗೇ ಅಲ್ಲಿ ತೋರಿಸಿಬಿಟ್ಟೆ ಅನ್ನುತ್ತಿದ್ದರು. ಹಾಗೆ ಹೇಳಿದವರೆಲ್ಲ ಒಳ್ಳೆಯವರೇ.

ಹೀಗಿರುವಾಗ ಮೇಲಿನ ತೋಟದ ಮನೆಯ ಹುಡುಗಿ ತನ್ನ ಕೆಸರು ಬೈಕನ್ನು ತಳ್ಳಿಕೊಂಡು ಬಂದಳು. ಹುಡುಗಿ ಎಂದರೆ ಚಿಕ್ಕವಳಲ್ಲ. ಓದು ಮುಗಿಸಿ ಬಂದು ತೋಟ ನೋಡಿಕೊಳ್ಳುತ್ತಾಳೆ, ಆಳುಗಳ ಜೊತೆ ಗಂಡುಮಗನ ಹಾಗೆ ನಿಂತು ಕೆಲಸ ಮಾಡಿಸುತ್ತಾಳೆ. ಮಳೆಗಾಲದಲ್ಲಿ ನಾಟಿಗೆ ಮೊದಲು ಗದ್ದೆ ಉತ್ತು, ಕೆಸರು ಮಾಡಿ, ಅದರಲ್ಲಿ ಬೈಕ್ ಓಡಿಸುವ ಪಂದ್ಯ ಇಡುತ್ತಾರಲ್ಲ, ಅದರ ಹುಚ್ಚು ಅವಳಿಗೆ. ಬೈಕು ಹಳೇ ಕಾಲದ ಟೂ-ಸ್ಟ್ರೋಕ್. ಲೈಟು, ಮಡ್‌ಗಾರ್ಡು ಎಲ್ಲ ಕಿತ್ತು, ಹಲ್ಲಿರುವ ಟಯರು ಹಾಕಿ, ಬಸವನ ಹಾಗೆ ಎದೆ ಎತ್ತರ ಮಾಡಿದ್ದರು. ಆ ಜಾತಿಯ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಅಳತೆಯಂತೆ ಆಯಿಲ್ ಬೆರೆಸಿ ಹಾಕಬೇಕು. ಆ ಆಯಿಲ್ಲೇ ಒಳಗೆ ಪಿಸ್ಟನ್ ಸವೆಯದ ಹಾಗೆ ಕಾಯುವುದು.

"ಅಜ್ಜಿ, ಸ್ಟಾರ್ಟೇ ಆಗ್ತಿಲ್ಲ. ಕಿಕ್ ಹೊಡ್ದು ಹೊಡ್ದು ಕಾಲು ಹೋಯ್ತು. ಹೋದ ವರ್ಷದ ಪಂದ್ಯ ಆದ್ಮೇಲೆ ಕಾಫಿ ಸ್ಟೋರಲ್ಲಿ ನಿಲ್ಸಿದ್ದು, ಹಾಗೇ ಉಂಟು."

"ವಿರಾಜಪೇಟೆಗೆ ಯಾಕೆ ಒಯ್ಯಲಿಲ್ಲ?" ಎಂದೆ. ನನಗೆ ಮುಚ್ಚುಮರೆ ಬರುವುದಿಲ್ಲ.

"ಪಪ್ಪ ಅದನ್ನೇ ಹೇಳಿದ್ರು. ನನಗೆ ಚಿಕ್ಕಂದಿನಿಂದ ಸೈಕಲ್ ಪಂಕ್ಚರ್ ಹಾಕ್ಕೊಟ್ಟಿದ್ದು ಮೇಸ್ತ್ರಿ ಅಜ್ಜ. ಇವರೇ ಮಾಡ್ಲಿ."

ಇವರಿಗೆ ಮಾತು ಕೇಳದಿದ್ದರೂ ಬೈಕು ಕಂಡಿತು. ಎದ್ದು ಬಂದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಮೂಗು ಇಟ್ಟರು. ಮುಖ ಕಿವುಚಿದರು. ಆದರೆ ಬಹಳ ದಿನದ ಮೇಲೆ ಅವರ ಕೈ ಚುರುಕಾಗಿತ್ತು.

ಅವಳು ಹೋದ ಮೇಲೆ ಕಾರ್ಬೊರೇಟರ್ ಬಿಚ್ಚುತ್ತಾ ನನಗೆ ಅಂದರು, "ಇದು ಗದ್ದೇಲಿ ಸರಿಯಾಗಿ ಓಡಿದ್ರೆ ನಾಲ್ಕು ಜನದ ಕಣ್ಣಿಗೆ ಬೀಳ್ತದೆ. ಓಡದಿದ್ರೆ ಶೆಡ್ಡಿಗೆ ಬೀಗ ಹಾಕದು. ಸುಮ್ನೆ ಬಾಗಿಲು ತೆಕ್ಕೊಂಡು ನೊಣ ಹೊಡಿಯದು ಬ್ಯಾಡ."

ಹೆದರಿಸಲು ಹೇಳಿದ್ದಲ್ಲ. ಅವರ ಬಾಯಿಂದ ಅಂಥ ಮಾತು ಬಂದರೆ ಬಂದಂತೆಯೇ. ನಾನು ಅಂಗೈ ಮಟ್ಟಸ ಹಿಡಿದು ತೋರಿಸಿದೆ. ಆಗಲಿ ಅಂತ.

ಡಬ್ಬಿಯ ಕೆಳಗಿನ ಬಟ್ಟಲು ತೆಗೆದಾಗ ಒಳಗೆ ಪೆಟ್ರೋಲ್ ಇರಲಿಲ್ಲ, ಹಸಿರು ಲೋಳೆ ಇತ್ತು. ಈಗಿನ ಪೆಟ್ರೋಲು ನಮ್ಮ ಮಳೆಗಾಲದ ತಂಡಿಗೆ ನೀರು ಕುಡಿಯುತ್ತದೆ, ನಿಲ್ಲಿಸಿಟ್ಟರೆ ಹೀಗೇ. ಜೆಟ್ಟು ಅಂದರೆ ತೊಗರಿಕಾಳಿನಷ್ಟು ಹಿತ್ತಾಳೆ ತುಂಡು, ನಡುವೆ ಪೆಟ್ರೋಲ್ ಹೋಗಲು ಸೂಕ್ಷ್ಮ ತೂತು. ಅದು ಕಟ್ಟಿಕೊಂಡಿತ್ತು. ಜೆಟ್ಟಿಗೆ ಪಿನ್ನು ಹಾಕಿದರೆ ತೂತು ದೊಡ್ಡದಾಗುತ್ತದೆ ಎಂದು ಇವರು ಪಿನ್ನು ಮುಟ್ಟುವುದಿಲ್ಲ. ವೈರಿನ ಒಂದೇ ತಾಮ್ರದ ಎಳೆ ಬಿಡಿಸಿಕೊಂಡು, ಹಾಯಿಸಿ, ಬಾಯಲ್ಲಿ ಊದಿ, ಬೆಳಕಿಗೆ ಹಿಡಿದು ನೋಡಿದರು. ಹಲ್ಲಿಲ್ಲದ ಬಾಯಲ್ಲಿ ಊದಿದರೆ ಗಾಳಿ ಅತ್ತಿತ್ತ ಹೋಗುತ್ತದೆ. ಕೊನೆಗೆ ನಾನೇ ಊದಿಕೊಟ್ಟೆ. ಎಲ್ಲ ತೊಳೆದು ಜೋಡಿಸಿದ ಮೇಲೆ ಟ್ಯಾಂಕನ್ನು ಬಗ್ಗಿಸಿ ಖಾಲಿ ಮಾಡಿದರು. ನಮ್ಮ ಬಾಟಲಿಯಲ್ಲಿ ಅಳತೆ ಮಾಡಿ ಆಯಿಲ್ ಕಲಸಿಟ್ಟ ಪೆಟ್ರೋಲ್ ಸ್ವಲ್ಪ ಹಾಕಿ ಕಿಕ್ ಹೊಡೆಸಿದರು. ಹೊಡೆದವನು ಚಾ ಅಂಗಡಿಯವನು.

ಮರಳಿತು. ಎಸರು ಮರಳಿದ ಹಾಗೇ ಮರಳಿತು.

"ಏನಂತದೆ?"

ಅಂಗೈ ಮಟ್ಟಸ ಹಿಡಿದೆ. ಇವರು ಟ್ಯಾಂಕಿನ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತರು. ನಕ್ಕರು ಅಂತ ಹೇಳಲಾರೆ. ಬೀಡಿ ಹೊತ್ತಿಸಿದರು.

ಇಷ್ಟಕ್ಕೆ ನಿಲ್ಲಬೇಕಿತ್ತು. ಹುಡುಗಿ ಬಂದು ಬೈಕನ್ನು ಮನೆಗೆ ಒಯ್ದಳು, ಟ್ಯಾಂಕ್ ತುಂಬಿಸಿದಳು, ತೋಟದ ದಾರಿಯಲ್ಲಿ ಓಡಿಸಿ ನೋಡಿದಳು. ಮಾರನೇ ದಿನವೇ ತಳ್ಳಿಕೊಂಡು ಬಂದಳು. ಮೈಯೆಲ್ಲ ಕೆಸರು, ಕಾಲಿಗೆ ಜಿಗಣೆ ಕಚ್ಚಿದ್ದೂ ಗೊತ್ತಿಲ್ಲ ಅವಳಿಗೆ. ನಾನೇ ಸುಣ್ಣ ಹಚ್ಚಿ ಬಿಡಿಸಿದೆ.

"ಹೊಗೆ ಅಂದ್ರೆ ಹೊಗೆ ಅಜ್ಜಿ. ಆನೆ ಓಡಿಸ್ಲಿಕ್ಕೆ ಬೇರೆ ಪಟಾಕಿ ಬೇಡ. ರೇಸ್ ಕೊಟ್ರೆ ಒಂದ್ಸಲ ಉಸಿರು ಕಟ್ತದೆ, ಆಮೇಲೆ ಎಳಿತದೆ."

ಸ್ಟಾರ್ಟ್ ಮಾಡಿದಳು. ಶೆಡ್ಡು ತುಂಬಾ ನೀಲಿ ಹೊಗೆ. ಇವರು ಎಂಜಿನ್ ನಿಲ್ಲಿಸಿ ಪ್ಲಗ್ ಬಿಚ್ಚಿದರು. ಕಿಡಿ ಹಾರಿಸುವ ತುಂಡು ಅದು. ಎಂಜಿನ್ ಒಳಗೆ ಏನು ನಡೆಯುತ್ತಿದೆ ಅಂತ ಅದರ ಮೂತಿ ನೋಡಿದರೆ ಗೊತ್ತಾಗುತ್ತದೆ. ಹದವಾಗಿ ಹುರಿದ ಕಾಫಿ ಬೀಜದ ಬಣ್ಣ ಇದ್ದರೆ ಸರಿ. ಇದು ಕರ್ರಗೆ, ಒದ್ದೆ ಒದ್ದೆ, ಎಣ್ಣೆ ಬತ್ತಿಯ ಹಾಗಿತ್ತು.

ಇವರು ಹುಡುಗಿಗೆ ಕೇಳಬೇಕಾದದ್ದನ್ನೆಲ್ಲ ಕೇಳಿದರು. ಕೇಳಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

"ಪೆಟ್ರೋಲು ಹಳೇದಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. "ಈ ವಾರ ಬಂಕಿಂದ ತಂದಿದ್ದು."

ನಾನು ಸನ್ನೆ ಮಾಡಿ ಹೇಳಿದೆ.

"ಆಯಿಲು?"

"ನಾನೇ ಹಾಕಿದ್ದು, ಅಳತೆ ನೋಡಿ," ಎಂದು ಅಳತೆಯ ಡಬ್ಬಿಯನ್ನೇ ಎತ್ತಿ ತೋರಿಸಿದಳು. ಪಂದ್ಯಕ್ಕೆಂದು ತರಿಸಿದ ಆಯಿಲ್, ಕೆಂಪಗೆ ಕುಂಕುಮದ ನೀರಿನ ಹಾಗಿತ್ತು. ಟ್ಯಾಂಕಿನೊಳಗೆ ಬಣ್ಣ ಕಡು ಇತ್ತು. ಈ ಆಯಿಲ್ಲೇ ಹೀಗೆ ಇರಬೇಕು ಎಂದು ಇವರು ಮುಚ್ಚಳ ಹಾಕಿದರು.

ಮತ್ತೆ ಸ್ಟಾರ್ಟ್ ಮಾಡಿಸಿದರು. "ಏನಂತದೆ?"

ನಾನು ಕೇಳಿದೆ. ಹೊಗೆ ಬಿಟ್ಟು ನೋಡಿದರೆ, ಅದು ಬುಳುಬುಳು ಅಲ್ಲ. ಒಣ ಸದ್ದು. ರೇಸ್ ಬಿಟ್ಟ ಮೇಲೂ ತಟ್ಟನೆ ಇಳಿಯುವುದಿಲ್ಲ, ಮೇಲೇ ಕೂಗಿಕೊಂಡು ಆಮೇಲೆ ಇಳಿಯುತ್ತದೆ. ನಡುನಡುವೆ ಚಟ್ ಚಟ್. ಐದು ಬೆರಳೂ ಕೂಡಿಸಿ ಸಿಡಿಸಿದೆ. ಸಾಸಿವೆ.

"ಸಾಸಿವೆನಾ? ತಲೆ ಕೆಟ್ಟೈತಾ ನಿಂಗೆ? ಹೊಗೆ ನೋಡು. ಪ್ಲಗ್ ನೋಡು, ಎಣ್ಣೇಲಿ ಅದ್ದಿ ತೆಗ್ದಂಗೈತೆ. ಪೆಟ್ರೋಲ್ ಸುರೀತೈತೆ ಒಳಗೆ. ಇದು ಅಂಬಲಿ ಕಣೇ, ಅಂಬಲಿ!"

ಮತ್ತೆ ಸಿಡಿಸಿದೆ.

"ನಿಂಗೂ ವಯಸ್ಸಾಯ್ತು."

"ನಿಮಗಿಂತ ಕಮ್ಮಿ," ಎಂದೆ. ಕೇಳಲಿಲ್ಲ. ಹುಡುಗಿಗೆ ಕೇಳಿಸಿತು. ಅವಳು ಆ ಕಡೆ ತಿರುಗಿ ನಕ್ಕಳು.

ನಾನು ಹಟ ಹಿಡಿಯಲಿಲ್ಲ. ಹಟಕ್ಕೆ ಕಾರಣ ಗೊತ್ತಿರಬೇಕು. ಸದ್ದು ನನಗೆ ಗೊತ್ತಿತ್ತು, ಅದರ ಅರ್ಥ ಇವರದ್ದು. ಇವರ ಕಣ್ಣು ಒಂದು ಹೇಳುತ್ತಿತ್ತು, ಮೂಗೂ ಅದನ್ನೇ ಹೇಳುತ್ತಿತ್ತು, ನನ್ನ ಕೈ ಮಾತ್ರ ಬೇರೆ ಹೇಳುತ್ತಿತ್ತು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಗಂಡಸು ಹೆಂಡತಿಯ ಕೈಗಿಂತ ತನ್ನ ಕಣ್ಣನ್ನೇ ನಂಬುತ್ತಾನೆ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಕಾರ್ಬೊರೇಟರ್ ಒಳಗೆ ಒಂದು ಉದ್ದ ಸೂಜಿ ಇದೆ. ಅದರ ಕುತ್ತಿಗೆಯಲ್ಲಿ ಗೀರುಗಳಿವೆ, ಒಂದು ಗೀರಿಗೆ ಕ್ಲಿಪ್ಪು. ಕ್ಲಿಪ್ಪನ್ನು ಮೇಲಿನ ಗೀರಿಗೆ ಹಾಕಿದರೆ ಸೂಜಿ ಕೆಳಗಿಳಿದು ಪೆಟ್ರೋಲಿನ ದಾರಿ ಕಿರಿದು ಮಾಡುತ್ತದೆ. ಇವರು ಹಾಗೆ ಮಾಡಿದರು. ಅದೂ ಸಾಲದೆ ಜೆಟ್ಟುಗಳ ಡಬ್ಬಿಯನ್ನು ಸುರುವಿ, ಕಿವಿಯ ಮೆಷಿನ್ನನ್ನು ಆಚೆ ದೂಡಿ, ಸಣ್ಣ ತೂತಿನ ಜೆಟ್ಟೊಂದನ್ನು ಆರಿಸಿ ಹಾಕಿದರು. ಹೊಸ ಪ್ಲಗ್ ಹಾಕಿಸಿ ಹುಡುಗಿಯನ್ನು ರಸ್ತೆಗೆ ಕಳಿಸಿದರು. ವಾಪಸ್ ಬಂದಾಗ ಪ್ಲಗ್ ಬಿಚ್ಚಿದರೆ, ಹದವಾಗಿ ಹುರಿದ ಕಾಫಿ ಬೀಜ.

ಅದನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ಏನಂತೀಯ ಈಗ?"

ಸಾಸಿವೆ ಮೊದಲಿಗಿಂತ ಜೋರಾಗಿತ್ತು. ಆದರೆ ಬಣ್ಣ ಸರಿ ಇತ್ತಲ್ಲ. ನಾನು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.

ಪಂದ್ಯದ ದಿನ ಇವರು ಪೆಟ್ಟಿಗೆಯಿಂದ ಒಗೆದ ಷರಟು ತೆಗೆಸಿ ಹಾಕಿಕೊಂಡರು. ಎಂದೂ ಅಂಥ ಕಡೆ ಹೋದವರಲ್ಲ. ಗಾಡಿ ಸರಿ ಮಾಡಿ ಕಳಿಸಿದರೆ ಅವರ ಕೆಲಸ ಮುಗಿಯಿತು, ಅದು ಎಲ್ಲಿ ಓಡುತ್ತದೆ ಅಂತ ನೋಡುವವರಲ್ಲ. ಅವತ್ತು ಹೊರಟರು. ಹುಡುಗಿಯ ಮನೆಯ ಜೀಪಿನಲ್ಲೇ ಹೋದೆವು. ಗದ್ದೆ ಬಯಲು ತುಂಬಾ ಛತ್ರಿ. ಮೈಕಿನವನು ಕನ್ನಡ, ಕೊಡವ ತಕ್ಕ್, ಮಲಯಾಳ ಎಲ್ಲ ಕಲಸಿ ಕೂಗುತ್ತಿದ್ದ. ಬಿದಿರಿನ ಬೇಲಿ ಕಟ್ಟಿದ್ದರು. ಇವರು ಬೇಲಿಯ ಬಿದಿರು ಹಿಡಿದು ನಿಂತರು, ಬೈಕುಗಳು ಹೋಗುವಾಗ ಅದರ ನಡುಕ ಕೈಗೆ ಬರುತ್ತದೆ ಅಂತ.

ಹೊರಡುವ ಮೊದಲು ಹುಡುಗಿ ಬಂದು ಇವರ ಕಾಲು ಮುಟ್ಟಿದಳು. "ಅಜ್ಜಿ, ಹಳೇದೆಲ್ಲ ಪ್ರಾಕ್ಟೀಸಲ್ಲಿ ಖಾಲಿ ಆಯ್ತು. ಬರುವಾಗ ಬಂಕಲ್ಲಿ ಫ್ರೆಶ್ ಪೆಟ್ರೋಲ್ ಹಾಕ್ಸಿ ಆಯಿಲ್ ಬೆರ್ಸಿದೆ. ಹೊಗೆನೇ ಇಲ್ಲ ಈಗ!" ಎಂದಳು. ನಾನು ಅದನ್ನೂ ಇವರಿಗೆ ಸನ್ನೆಯಲ್ಲಿ ಹೇಳಿದೆ. ಹೊಗೆ ಇಲ್ಲ. ಇವರು ತಲೆಯಾಡಿಸಿದರು. ನಾನು ಹೇಳಲಿಲ್ವಾ ಅನ್ನುವ ಹಾಗೆ.

ಹೆಣ್ಣುಮಕ್ಕಳ ಓಟ ಬೇರೆ ಇತ್ತು. ಇವಳು ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ. ಕೆಸರು ಎರಚಿಕೊಂಡು ನಮ್ಮ ಮುಂದೆ ಹೋದಾಗ ಇವರು ಬಿದಿರಿನ ಮೇಲೆ ಕೈ ತಟ್ಟಿದರು. ಮುಖ ನೋಡಿದೆ. ಆ ಮುಖ ನಾನು ಬಹಳ ಕಾಲದಿಂದ ನೋಡಿರಲಿಲ್ಲ.

ಗದ್ದೆಯ ಆಚೆ ತುದಿಯಲ್ಲಿ ಕೆಸರು ಮೊಣಕಾಲು ಮಟ್ಟ. ಅಲ್ಲಿ ಪೂರ್ತಿ ರೇಸ್ ಕೊಟ್ಟು ಎಳೆಸಬೇಕು. ಬೈಕು ಒಂದು ದಿಬ್ಬದ ಹಿಂದೆ ಮರೆಯಾಗುತ್ತದೆ, ಸದ್ದು ಮಾತ್ರ ಬರುತ್ತದೆ. ಬಂದ ಸದ್ದು ತೆಳ್ಳಗಾಗುತ್ತಾ ಮೇಲೆ ಹೋಯಿತು, ಕುಕ್ಕರಿನ ನೀರು ಆರಿದಾಗ ಸೀಟಿ ಸಣ್ಣಗಾಗುತ್ತದಲ್ಲ, ಹಾಗೆ. ಮರುಗಳಿಗೆ ಸದ್ದೇ ಇಲ್ಲ. ಕೆಮ್ಮಲಿಲ್ಲ, ಇಳಿಯಲಿಲ್ಲ, ಕಡಿದ ಹಾಗೆ ನಿಂತಿತು.

ಬೇರೆ ಬೈಕುಗಳು ದಿಬ್ಬದ ಆಚೆಯಿಂದ ಒಂದೊಂದೇ ಬಂದವು. ಜನ ಕೂಗಿದರು. ಇವರು ಬಿದಿರು ಹಿಡಿದುಕೊಂಡೇ ಕತ್ತು ಉದ್ದ ಮಾಡಿ ದಿಬ್ಬದ ಕಡೆ ನೋಡುತ್ತಿದ್ದರು. ಈಗ ಬರುತ್ತದೆ, ಈಗ ಬರುತ್ತದೆ ಅಂತ. ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಆ ಬಯಲಿನಲ್ಲಿ ಅಷ್ಟೂ ಜನಕ್ಕೆ ಗೊತ್ತಿತ್ತು. ಗೊತ್ತಿರದವರು ಇವರೊಬ್ಬರೇ. ನಾನು ತಡ ಮಾಡಿದೆ. ಯಾವ ಸನ್ನೆ ಮಾಡಲಿ? ಅಂಬಲಿ, ಸಾಸಿವೆ, ಎಸರು, ಮೂರಕ್ಕೂ ಸೇರಿದ್ದಲ್ಲ ಅದು. ಕೊನೆಗೆ ಅವರ ಕೈಯನ್ನು ಬಿದಿರಿನಿಂದ ಬಿಡಿಸಿದೆ. ಆಗ ತಿರುಗಿ ನೋಡಿದರು.

ಬೈಕನ್ನು ನಾಲ್ಕು ಜನ ಹೆಗಲ ಮೇಲೆ ಹೊತ್ತು ತಂದರು. ಅದರ ಮೇಲೆ ಬಿದ್ದ ಮಳೆ ಆವಿಯಾಗಿ ಏಳುತ್ತಿತ್ತು. ಹುಡುಗಿ ಕೆಸರಲ್ಲಿ ನಡೆದು ಬಂದಳು, ಹೆಲ್ಮೆಟ್ ಕೈಯಲ್ಲಿ. ಏಟಾಗಿರಲಿಲ್ಲ. ಇವರು ಕಿಕ್ ಲಿವರ್ ಮೇಲೆ ಕಾಲಿಟ್ಟು ಒತ್ತಿದರು. ಅದು ಅಲುಗಲಿಲ್ಲ. ಮೈಭಾರ ಹಾಕಿದರು. ಕಲ್ಲಿಗೆ ಕಾಲಿಟ್ಟ ಹಾಗೆ. ಒಳಗೆ ಪಿಸ್ಟನ್ ಸುಟ್ಟು ಅಂಟಿಕೊಂಡಿತ್ತು.

ಹುಡುಗಿಯ ಅಪ್ಪ ಬಂದರು. ಒಳ್ಳೆಯ ಮನುಷ್ಯ, ದನಿ ಎತ್ತುವವರಲ್ಲ.

"ಪರ್ವಾಗಿಲ್ಲ ಮೇಸ್ತ್ರಿ. ಎಷ್ಟೋ ವರ್ಷ ಮಾಡಿದ್ದೀರಿ. ಇನ್ನು ಸಾಕು, ರೆಸ್ಟ್ ತಗೊಳ್ಳಿ," ಎಂದರು.

ಇವರು ನನ್ನ ಕಡೆ ತಿರುಗಿದರು. "ಏನಂದ್ರು?"

"ಪರ್ವಾಗಿಲ್ಲ ಅಂದ್ರು," ಎಂದು ಕೈ ಆಡಿಸಿದೆ. ಉಳಿದದ್ದಕ್ಕೆ ಸನ್ನೆ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ, ಅವರು ಆ ಮನುಷ್ಯನ ಮುಖ ನೋಡಿದ್ದರು.

ಬೈಕನ್ನು ಪಿಕಪ್ಪಿನಲ್ಲಿ ಹಾಕಿ ಮೈಸೂರಿಗೆ ಕಳಿಸಿದರು. ಇವರು ಮರುದಿನವೂ ಶೆಡ್ಡಿಗೆ ಹೋದರು. ಯಾವುದೂ ಬಿಚ್ಚಲಿಲ್ಲ, ಸುಮ್ಮನೆ ಕೂತರು. ಊಟಕ್ಕೆ ಕರೆದಾಗ ಬಂದರು. ಊಟ ಮಾಡುತ್ತಾ, ತಟ್ಟೆಯಿಂದ ಕಣ್ಣು ತೆಗೆಯದೆ, "ಪ್ಲಗ್ ಬಣ್ಣ ಸರಿ ಇತ್ತು," ಎಂದರು. ಯಾರಿಗೂ ಹೇಳಿದ್ದಲ್ಲ. ಕಾರಣ ಗೊತ್ತಿಲ್ಲದ್ದರಿಂದ ಬೀಗ ಹಾಕದೆ ಇದ್ದರು ಅಂತ ನನಗೆ ಅನ್ನಿಸುತ್ತದೆ. ಬೈಕಿನದೇ ಏನೋ ತಪ್ಪಿರಬಹುದು, ಹಳೇ ಎಂಜಿನ್, ಬೇರಿಂಗ್ ಹೋಗಿರಬಹುದು. ಅಷ್ಟು ಜಾಗ ಉಳಿದಿತ್ತು.

ಆ ಜಾಗವೂ ಉಳಿಯಲಿಲ್ಲ. ಅದೇ ತೋಟದಲ್ಲಿ ಕಳೆ ಹೊಡೆಯುವ ಮೆಷಿನ್ ಹಿಡಿಯುವ ತಮಿಳಿನವನೊಬ್ಬ ಇದ್ದಾನೆ, ಆಳುಗಳ ಲೈನ್ ಮನೆಯಲ್ಲಿ ಇರುವವನು. ಸ್ಟಾರ್ಟ್ ಮಾಡಲು ಎಳೆಯುವ ಹಗ್ಗ ತುಂಡಾಗಿದೆ ಎಂದು ಮೆಷಿನ್ ತಂದ. ಬೈಕಿನ ಜಾತಿಯದೇ ಎಂಜಿನ್ ಅದರದ್ದೂ. ಕೈಯಲ್ಲಿ ಪೆಟ್ರೋಲಿನ ಕ್ಯಾನೂ ಇತ್ತು. ಮಾತಿಗೆ ಮಾತು ಬಂತು.

"ಚಿನ್ನಮ್ಮನ ಬೈಕ್ ಪಾಪ ಸುಟ್ಟೋಯ್ತಂತೆ," ಎಂದ. ಆ ಹುಡುಗಿಯನ್ನು ಲೈನಿನವರು ಹಾಗೆ ಕರೆಯುತ್ತಾರೆ. "ನಾನು ಪ್ರಾಕ್ಟೀಸ್‌ಗೆ ಅಂತ ನನ್ನ ಕ್ಯಾನೇ ಕೊಟ್ಟಿದ್ದೆ ಅಮ್ಮಾ. ಒಂದು ಕ್ಯಾನ್ ಪೂರಾ."

"ಈ ಕ್ಯಾನಾ?"

"ಇದೇ. ಬಂಕಿಂದ ತಂದ ತಕ್ಷಣ ನಾನು ಆಯಿಲ್ ಬೆರ್ಸಿಬಿಡ್ತೇನೆ ಅಲ್ವಾ. ಇಲ್ದಿದ್ರೆ ಮರ್ತು ಹೋಗಿ ಮೆಷಿನ್ ಸುಡ್ತದೆ. ಸಾಹುಕಾರ್ರು ನಮ್ಮನ್ನ ಸುಡ್ತಾರೆ." ಅವನು ನಕ್ಕ.

ನಾನು ನಗಲಿಲ್ಲ. "ಅದು ಅವಳಿಗೆ ಗೊತ್ತಿತ್ತಾ?"

"ತೋಟದ ಕ್ಯಾನಲ್ಲಿ ಯಾವತ್ತೂ ಆಯಿಲ್ ಉಂಟು ಅಂತ ಎಲ್ಲರಿಗೂ ಗೊತ್ತಲ್ಲ ಅಮ್ಮಾ?" ಎಂದ.

ಲೈನಿನಲ್ಲಿ ಎಲ್ಲರಿಗೂ ಗೊತ್ತು. ಮೆಷಿನ್ ಹೊರುವವರಿಗೆ ಗೊತ್ತು. ತೋಟದ ಮನೆಯಲ್ಲಿ ಯಾರು ಅದನ್ನು ಕೇಳಿಕೊಂಡು ಕೂತಿದ್ದಾರೆ? ಅವನು ಬೆರೆಸಿದ್ದರ ಮೇಲೆ ಅವಳು ಮತ್ತೆ ಅಳತೆ ನೋಡಿ ಬೆರೆಸಿದ್ದಾಳೆ. ಅವನ ಅಳತೆ ಸರಿ, ಅವಳ ಅಳತೆಯೂ ಸರಿ. ಎರಡು ಸರಿ ಸೇರಿ ಹೊಗೆಯಾಯಿತು. ಆ ಹೊಗೆ ಪೆಟ್ರೋಲಿನದ್ದಲ್ಲ, ಆಯಿಲಿನದ್ದು. ಆಯಿಲ್ ದಪ್ಪಗಾಗಿ ಪೆಟ್ರೋಲಿನ ಜಾಗ ತಿಂದು, ಎಂಜಿನ್ ಪೆಟ್ರೋಲ್ ಸಾಲದೆ ಒಣಗುತ್ತಿತ್ತು. ಇವರು ಅದರ ಬಾಯಿಗೆ ಹೋಗುವ ಪೆಟ್ರೋಲನ್ನು ಇನ್ನಷ್ಟು ಕಿರಿದು ಮಾಡಿದರು. ಪಂದ್ಯದ ದಿನ ಹೊಸ ಪೆಟ್ರೋಲು ಬಿತ್ತು. ಕಾಯುತ್ತಿದ್ದ ಆ ಹೆಚ್ಚಿನ ಆಯಿಲೂ ಇಲ್ಲದೆ, ಒಣ ಬಾಣಲೆ ಕೆಂಪಗೆ ಕಾದು ಸುಟ್ಟಿತು. ಇದೆಲ್ಲ ನಾನು ಕಂಡುಹಿಡಿದದ್ದಲ್ಲ. ಆಮೇಲೆ ಇವರೇ ಹೇಳಿದ್ದು. ನನಗೆ ಅವತ್ತು ಅರ್ಥವಾದದ್ದು ಕ್ಯಾನಿನ ವಿಷಯ ಒಂದೇ.

ಇವರಿಗೆ ಹೇಳಬೇಕೋ ಬೇಡವೋ ಅಂತ ಯೋಚಿಸಲಿಲ್ಲ. ಬಚ್ಚಿಡುವ ಅಭ್ಯಾಸ ನನಗಿಲ್ಲ. ಕ್ಯಾನನ್ನು ಎತ್ತಿ ತಂದು ಇವರ ಮುಂದಿಟ್ಟೆ. ಮೇಲಿನ ತೋಟದ ಕಡೆ ಕೈ ತೋರಿಸಿದೆ. ಬೈಕಿನ ಹ್ಯಾಂಡಲ್ ಹಿಡಿಯುವ ಸನ್ನೆ ಮಾಡಿದೆ. ಕ್ಯಾನಿನಿಂದ ಸ್ವಲ್ಪ ಅವರ ಅಂಗೈಗೆ ಸುರಿದೆ. ಅವರು ಮೂಸಿದರು, ಬೆರಳಲ್ಲಿ ಉಜ್ಜಿದರು. ಪೆಟ್ರೋಲ್ ಆರಿತು, ಜಿಡ್ಡು ಉಳಿಯಿತು. ಬೆರಳುಗಳನ್ನು ಕೂಡಿಸುತ್ತಾ ಬಿಡಿಸುತ್ತಾ ಆ ಜಿಡ್ಡನ್ನು ನೋಡಿದರು. ಹುಡುಗಿ ಅಳತೆಯ ಡಬ್ಬಿ ಎತ್ತಿ ತೋರಿಸಿದ್ದು ಅವರಿಗೆ ನೆನಪಾಗಿರಬೇಕು. ಮುಖದಲ್ಲಿ ಒಂದೊಂದೇ ಮೆಟ್ಟಿಲು ಇಳಿಯುವುದು ನನಗೆ ಕಂಡಿತು.

"ಹಂಗಾರೆ ಅದು ಸಾಸಿವೆನೇ," ಎಂದರು.

ನಾನು ಕ್ಯಾನಿನ ಮುಚ್ಚಳ ಹಾಕಿದೆ.

"ನಾನು ಕೇಳಿದ್ರೆ ಗೊತ್ತಾಗ್ತಿತ್ತು."

ಇಷ್ಟೇ. ತಮಿಳಿನವನ ಹಗ್ಗ ಹಾಕಿ ಕೊಟ್ಟರು. ಅದಕ್ಕೆ ಕಿವಿ ಬೇಡ. ಅವನು ಹೋದ ಮೇಲೆ ಶೆಡ್ಡಿನ ಒಳಗಿದ್ದ ಸ್ಟೂಲು ಹೊರಗೆ ತಂದಿಟ್ಟು, ತಗಡಿನ ಬಾಗಿಲು ಎಳೆದು ಬೀಗ ಹಾಕಿದರು.

ತಪ್ಪು ಇವರದ್ದಲ್ಲ ಎಂದು ಗೊತ್ತಾದ ಮೇಲೆ ಮನಸ್ಸು ಹಗುರಾಗಬೇಕಿತ್ತು ಅಂತ ಹೇಳುವವರು ಇದ್ದಾರೆ. ಚಾ ಅಂಗಡಿಯವನೇ ಹೇಳಿದ. ಅದು ಹಾಗಲ್ಲ. ಬೇರಿಂಗ್ ಹೋಗಿದ್ದರೆ ಬೇರಿಂಗ್ ಮೇಲೆ ಹಾಕಬಹುದಿತ್ತು. ಕಿವಿ ಇದ್ದಿದ್ದರೆ ಹಿಡಿಯಬಹುದಾಗಿದ್ದ ತಪ್ಪು ಇದು. ಕಣ್ಣು, ಮೂಗು, ಕೈ ಎಲ್ಲ ಸೇರಿದರೂ ಆ ಒಂದಕ್ಕೆ ಸಮವಿಲ್ಲ ಅಂತ ಅವರಿಗೆ ಗೊತ್ತಾಯಿತು. ನನ್ನ ಕಿವಿ ಪಕ್ಕದಲ್ಲೇ ಇತ್ತು, ಸರಿಯಾಗಿಯೂ ಇತ್ತು. ಅದು ಅವರ ತಲೆಗೆ ಸೇರಿದ್ದಲ್ಲವಲ್ಲ.

ಹುಡುಗಿಗೂ ವಿಷಯ ಮುಟ್ಟಿತು. ಓಡಿ ಬಂದು, "ಅಯ್ಯೋ ಅಜ್ಜ, ನನ್ನಿಂದ ಆಯ್ತಲ್ಲ," ಎಂದು ಕೈ ಹಿಡಿದುಕೊಂಡಳು. ಬೈಕು ಬಂದ ಮೇಲೆ ನಿಮ್ಮ ಹತ್ತಿರವೇ ತರುತ್ತೇನೆ ಎಂದಳು. ಅವಳು ಹೇಳಿದ್ದು ನಿಜವಾಗಿಯೇ ಹೇಳಿದ್ದು. ಮೈಸೂರಿನಿಂದ ಬೈಕು ಬಂತು, ಚೆನ್ನಾಗಿ ಓಡುತ್ತದೆ. ತರಲು ಕಾರಣ ಏನಿದೆ?

ಆಯುಧ ಪೂಜೆ ಬಂತು. ಪ್ರತಿ ವರ್ಷ ಶೆಡ್ಡು ತೊಳೆದು, ಸ್ಪ್ಯಾನರುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸಿ, ಸಾಲಾಗಿ ಜೋಡಿಸಿ, ಕುಂಬಳಕಾಯಿ ಒಡೆಯುತ್ತಿದ್ದರು. ಈ ಸಲ ನಾನು ಬೀಗದ ಕೈ ಕೇಳಿದೆ. ಕೊಟ್ಟರು, ತಾವು ಬರಲಿಲ್ಲ. ಒಳಗೆ ಹೋಗಿ ಗುಡಿಸಿ, ಅರಿಶಿನ ಕುಂಕುಮ ಇಟ್ಟು ಬಂದೆ. ಬರುವಾಗ ಕಾರ್ಬೊರೇಟರ್ ಸ್ಕ್ರೂ ತಿರುಗಿಸುವ ಸಣ್ಣ ಸ್ಕ್ರೂಡ್ರೈವರನ್ನು ಕೈಯಲ್ಲಿ ತಂದೆ. ಅದರ ಮರದ ಹಿಡಿ ಅವರ ಬೆರಳಿಗೆ ತಕ್ಕ ಹಾಗೆ ಸವೆದಿದೆ. ಬೇರೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ಜಗಲಿಯ ಮೇಲೆ ಕೂತಿದ್ದವರ ಮುಂದೆ ಹಿಡಿದೆ.

ನೋಡಿದರು. "ಕುಕ್ಕರ್ ಹಿಡಿ ಸಡಿಲಾಗೈತೆ ಅಂತಿದ್ದೆ ಅಲ್ಲ," ಎಂದರು.

ಹೌದು, ಸಡಿಲಾಗಿತ್ತು. ಬಿಗಿ ಮಾಡಿದೆ. ಈಗ ಆ ಸ್ಕ್ರೂಡ್ರೈವರ್ ಸೌಟಿನ ಜೊತೆ ಡಬ್ಬಿಯಲ್ಲಿ ನಿಂತಿದೆ.

ನಾವು ಸಂಜೆ ಜಗಲಿಯ ಮೇಲೆ ಕೂತಿರುತ್ತೇವೆ. ರಸ್ತೆಯಲ್ಲಿ ಗಾಡಿಗಳು ಹೋಗುತ್ತವೆ. ಹಾಲಿನವನ ಹಳೇ ಬೈಕು ದಿನಾ ಬುಳುಬುಳು ಅನ್ನುತ್ತಾ ಏರು ಹತ್ತುತ್ತದೆ. ಸ್ಕ್ರೂ ಸ್ವಲ್ಪ ಒಳಗೆ ತಿರುಗಿಸಿದರೆ ಸರಿಯಾಗುತ್ತದೆ, ಅಷ್ಟೇ ಕೆಲಸ. ನನ್ನ ಕೈ ಒಮ್ಮೊಮ್ಮೆ ತಾನಾಗಿಯೇ ಹಿಟ್ಟಿನ ಕೋಲು ತಿರುಗಿಸಲು ಏಳುತ್ತದೆ. ಇವರು ಆಗ ಬೇರೆ ಕಡೆ ನೋಡುತ್ತಾರೆ. ನಾನು ಕೈಯನ್ನು ಸೆರಗಿನೊಳಗೆ ಹಾಕಿಕೊಳ್ಳುತ್ತೇನೆ.